ಸುಂಕದಕಟ್ಟೆಯಲ್ಲಿ ಅಪ್ಪನ ಪಾಲು

ಅಪ್ಪ ಸತ್ತ ಹನ್ನೊಂದನೆಯ ದಿನ ಅವನ ಎಲೆಗೆ ಏನೇನು ಬಡಿಸಬೇಕು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನಮ್ಮ ಕಡೆ ತಿಥಿಯ ದಿನ ಫೋಟೋದ ಮುಂದೆ ಬಾಳೆಎಲೆ ಹಾಕಿ, ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಎಡೆ ಇಡುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿ, ಬಾಡು ತಿನ್ನುತ್ತಿದ್ದವರಿಗೆ ಬಾಡಿನ ಸಾರು. ಅಮ್ಮ ಹಿಂದಿನ ದಿನವೇ ಹೇಳಿಬಿಟ್ಟಿದ್ದಳು: ಮುದ್ದೆ, ಬಸ್ಸಾರು, ಉದ್ದಿನ ವಡೆ, ಒಬ್ಬಟ್ಟು. ಮಾಂಸದ ಮಾತು ಬರಲೇ ಇಲ್ಲ. ಅಪ್ಪ ಬಾಡು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಅವನ ಜೊತೆ ನಾವೂ ಬಿಟ್ಟಿದ್ದೆವು.

ಅದು ಎಂಬತ್ತರ ದಶಕದ ಮಧ್ಯಭಾಗ. ನಾನಾಗ ಮೈಸೂರು ರಸ್ತೆಯಾಚೆಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುತ್ತಿದ್ದೆ. ಸತ್ತವರು ಉಣ್ಣುವುದಿಲ್ಲ, ಈ ಎಡೆಯೆಲ್ಲ ಬದುಕಿರುವವರ ಸಮಾಧಾನಕ್ಕೆ ಎಂದು ಎರಡು ದಿನದಿಂದ ವಾದ ಹೂಡಿದ್ದೆ. ಕೆಲಸಗಳನ್ನೆಲ್ಲ ಮುಂದೆ ನಿಂತು ನಡೆಸುತ್ತಿದ್ದ ಸೋದರಮಾವ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ.

"ಸರಿ ಕಣೋ, ಅವ್ರು ತಿನ್ನಲ್ಲ. ನೀನು ತಿಂತೀಯಲ್ಲ? ಹೋಗಿ ಎಲೆ ಒರೆಸು."

ಅಪ್ಪ ಕುಣಿಗಲ್ ಕಡೆಯ ಒಂದು ಸಣ್ಣ ಪೇಟೆಯವನು. ಕಬ್ಬಿಣದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು, ಆಮೇಲೆ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂದು ಸಣ್ಣ ಶೆಡ್ಡೊಂದರಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಕಲಿತ. ಊರು ಬಿಟ್ಟರೂ ಅವನು ಪೇಟೆಯ ಮನುಷ್ಯನಾಗಿಯೇ ಉಳಿದ. ಬೀದಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದ. ಅಕ್ಕಪಕ್ಕದವರ ನಲ್ಲಿ ಸೋರಿದರೆ ಕೇಳುವ ಮೊದಲೇ ಸ್ಪ್ಯಾನರ್ ಹಿಡಿದು ಹೋಗುತ್ತಿದ್ದ. ನನಗೆ ಹಿತ್ತಾಳೆಯ ಬುಗುರಿ ಮಾಡಿಕೊಟ್ಟಿದ್ದ. ತುಂಬಾ ಭಾರ, ಎರಡು ಸುತ್ತು ತಿರುಗಿ ಬಿದ್ದುಹೋಗುತ್ತಿತ್ತು. ಮನೆಗೆ ಮೈಸೂರುಪಾಕು ತಂದರೆ ಅವನೇ ಚಾಕು ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡಿ ಕತ್ತರಿಸಬೇಕು. ನಾವೆಲ್ಲ ಆರಿಸಿಕೊಂಡ ಮೇಲೆ ಉಳಿದದ್ದು ಅವನಿಗೆ. ಶೆಡ್ಡಿನಲ್ಲಿ ಎದೆನೋವೆಂದು ಸ್ಟೂಲಿನ ಮೇಲೆ ಕೂತವನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ. ಐವತ್ತೂ ಆಗಿರಲಿಲ್ಲ.

ರಾಜಾಜಿನಗರದ ಈ ಮಹಡಿ ಮನೆಗೆ ಬಂದಾಗ ನನಗೆ ಎಂಟು ವರ್ಷ. ಕೆಳಗೆ ಮಾಲೀಕರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಮೇಷ್ಟ್ರು, ಅವರ ಹೆಂಡತಿ, ವಯಸ್ಸಾದ ಅವರ ತಾಯಿ. ನಾವು ಸಾಮಾನು ಇಳಿಸಿದ ದಿನ ಅಪ್ಪ ಖಾಲಿ ಹಾಲಿನಲ್ಲಿ ಅಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದ: "ಇಲ್ಲಿ ಬಾಡು ಬೇಯಿಸೋ ಹಾಗಿಲ್ಲ. ಮೇಷ್ಟ್ರಿಗೆ ಮಾತು ಕೊಟ್ಟಿದೀನಿ. ಕದ್ದುಮುಚ್ಚಿ ಆಚೆ ತಿನ್ನೋದೂ ಬೇಡ. ನಾನು ಇವತ್ತಿಂದ ಬಿಟ್ಟೆ, ನೀವೂ ಬಿಡಿ."

ಹೀಗೇ ಹೇಳಿದನೆಂದು ನಾನು ಇಷ್ಟು ವರ್ಷ ನಂಬಿದ್ದೇನೆ. "ಕದ್ದುಮುಚ್ಚಿ" ಎಂಬ ಪದವನ್ನು ಅವನು ನಿಜವಾಗಿ ಆಡಿದನೇ, ಅಥವಾ ಎಲ್ಲ ಗೊತ್ತಾದ ಮೇಲೆ ನಾನೇ ಅವನ ಬಾಯಲ್ಲಿ ಇಟ್ಟೆನೇ, ಹೇಳಲಾರೆ. ಅಮ್ಮ ಬಾಡು ಬೇಯಿಸಲೆಂದೇ ಬೇರೆ ಇಟ್ಟಿದ್ದ ಮಡಕೆಯನ್ನು ಮಾವನ ಮನೆಗೆ ಕೊಟ್ಟುಕಳಿಸಿದ್ದು ಮಾತ್ರ ಖಂಡಿತ. ಆ ಮಡಕೆಯನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಅಮ್ಮ ಬಾಡಿನ ಅಡಿಗೆಗೆ ಹೆಸರಾದವಳು. ನೆಂಟರ ಮನೆಯಲ್ಲಿ ಕೈಮ ಉಂಡೆ ಕಟ್ಟಬೇಕಾದರೆ ಅವಳನ್ನೇ ಕರೆಯುತ್ತಿದ್ದರು. ಆಮೇಲೆ ಕರೆಯುವುದನ್ನು ನಿಲ್ಲಿಸಿದರು. ಮದುವೆಗಳಾದ ಮೇಲಿನ ಬೀಗರ ಊಟದಲ್ಲಿ ನಾವು ನಾಲ್ಕೂ ಜನ ಮೂಲೆಯ ಪಂಕ್ತಿಯಲ್ಲಿ, ಬೇಳೆ ಸಾರು ಅನ್ನದ ಮುಂದೆ ಕೂರುತ್ತಿದ್ದೆವು. ನಾಲ್ಕನೆಯವಳು ಈ ಮನೆಗೆ ಬಂದ ಮೇಲೆ ಹುಟ್ಟಿದ ನನ್ನ ತಂಗಿ. ಅವಳಿಗೆ ಬಾಡಿನ ರುಚಿಯೇ ಗೊತ್ತಿರಲಿಲ್ಲ. "ಏನ್ ಬಾವ, ಮಠ ಸೇರ್ಕೊಂಡ್ರಾ?" ಎಂದು ಯಾರಾದರೂ ಕಾಲೆಳೆದರೆ ಅಪ್ಪ ಎಲೆಯಿಂದ ತಲೆ ಎತ್ತದೆ, "ಮಾತು ಅಂದ್ರೆ ಮಾತು ಕಣ್ರಯ್ಯ" ಎನ್ನುತ್ತಿದ್ದ. ಅಮ್ಮ ಆಚೆ ಪಂಕ್ತಿಯ ಕಡೆ ನೋಡದೆ ಉಣ್ಣುತ್ತಿದ್ದಳು. ಅವಳಿಗೆ ಅದರಲ್ಲಿ ಒಂದು ಹೆಮ್ಮೆ ಇತ್ತೆಂದು ಕಾಣುತ್ತದೆ. ಗಂಡನೂ ತನ್ನ ಜೊತೆಗೇ ಬಿಟ್ಟಿದ್ದಾನೆ ಎನ್ನುವ ಹೆಮ್ಮೆ.

ನಾನು ಆ ಮಾತು ಮುರಿದೆ. ಎಂ.ಎ. ಮೊದಲ ವರ್ಷ ಗೆಳೆಯರ ಜೊತೆ ಕೆಂಗೇರಿಯ ಹೋಟೆಲೊಂದರಲ್ಲಿ ಬಿರಿಯಾನಿ ತಿಂದು ಬಂದೆ. ದೇವರನ್ನೇ ನಂಬದವನಿಗೆ ಇದೇನು ಎಂದು ನನ್ನನ್ನು ನಾನೇ ಗೇಲಿ ಮಾಡಿಕೊಂಡರೂ ಸಮಾಧಾನವಾಗಲಿಲ್ಲ. ಒಂದು ವಾರದ ಮೇಲೆ ಅಪ್ಪನಿಗೆ ಹೇಳಿಬಿಟ್ಟೆ. ಅವನು ಅಂಗಿ ಇಸ್ತ್ರಿ ಮಾಡುತ್ತಿದ್ದ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, "ನಿಮ್ಮಮ್ಮ ಬಿಟ್ಟಿದಾಳೆ. ನಿನ್ನ ಕೈಲಿ ಆಗ್ಲಿಲ್ವಾ?" ಎಂದ. ಅಷ್ಟೇ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಎರಡು ದಿನವೇ ಅಥವಾ ಒಂದು ಸಂಜೆಯೇ ಎಂದು ತಂಗಿ ಕೇಳುತ್ತಾಳೆ. ಅವಳ ಪ್ರಕಾರ ಅವತ್ತು ರಾತ್ರಿ ಊಟಕ್ಕೆ ಅಪ್ಪನೇ ನನ್ನನ್ನು ಕರೆದನಂತೆ. ಇರಬಹುದು. ನನಗೆ ಎರಡು ದಿನದ ನೋವು ನೆನಪಿದೆ. ಆಮೇಲೆ ನಾನು ಮತ್ತೆ ಮುಟ್ಟಲಿಲ್ಲ.

ತಿಥಿಯ ದಿನ ಭಾನುವಾರ. ಹನ್ನೊಂದು ಗಂಟೆಯ ಹೊತ್ತಿಗೆ ಫೋಟೋಗೆ ಹಾರ ಹಾಕಿ, ಎಲೆ ಹಾಕಿ, ಅಮ್ಮ ಮುದ್ದೆ ತಂದಿಡುತ್ತಿದ್ದಳು. ಆಗ ಮೆಟ್ಟಿಲ ಮೇಲೆ ಕೆಮ್ಮಿನ ಸದ್ದಾಯಿತು. ಬಂದವರು ಅಪ್ಪನ ಶೆಡ್ಡಿನ ಫಿಟ್ಟರ್. ಸುಂಕದಕಟ್ಟೆಯವರು, ಊರಿನ ಹಳೇ ಒಕ್ಕಲು ಮನೆತನ, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಮಣ್ಣು ಮಾಡಿದ ದಿನವೂ ಬಂದಿದ್ದರು. ಈಗ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್ ಇತ್ತು. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ವಾಸನೆ ಒಳಗೆ ಬಂತು. ಚಕ್ಕೆ, ಲವಂಗ, ಹುರಿದ ಈರುಳ್ಳಿ. ಅದರಡಿಯಲ್ಲಿ ಏನಿದೆಯೆಂದು ನಮ್ಮ ಮನೆಯಲ್ಲಿ ಬಾಡು ಬೇಯದೆ ಹದಿನಾಲ್ಕು ವರ್ಷವಾಗಿದ್ದರೂ ಮೂಗಿಗೆ ಗೊತ್ತಿತ್ತು.

"ಅತ್ತಿಗೆ, ನೀವು ಮುಟ್ಟಬೇಡಿ," ಎಂದರು ಅವರು ಅಮ್ಮನಿಗೆ, ಬಹಳ ಗೌರವದಿಂದ. "ನಿಮ್ಮ ಹರಕೆ ಕೆಡಬಾರ್ದು. ನಾನೇ ಎಲೆಗೆ ಇಡ್ತೀನಿ."

"ಯಾವ ಹರಕೆ?" ಎಂದಳು ಅಮ್ಮ.

ಫಿಟ್ಟರ್ ಕ್ಯಾರಿಯರ್‌ನ ಹಿಡಿಕೆ ಬಿಚ್ಚುತ್ತಿದ್ದವರು ನಿಂತರು. "ಅದೇ, ಮಗೂಗೆ ಹುಷಾರಿಲ್ಲದಾಗ ನೀವು ಬಾಡು ಬಿಡ್ತೀನಿ ಅಂತ ಹೊತ್ಕೊಂಡ್ರಂತಲ್ಲ. ಅದಕ್ಕೇ ಮನೇಲಿ ಬಾಡು ಬೇಯಿಸೋ ಹಾಗಿಲ್ಲ ಅಂತ ಅಣ್ಣ ನಮ್ಮ ಮನೇಲೇ ಉಣ್ತಿದ್ರಲ್ಲ."

"ಯಾರು?"

"ಅಣ್ಣ."

ಮಾವ ಎದ್ದು ಬಂದ. "ಕೂತ್ಕಳಿ ಗೌಡ್ರೆ, ನೀರು ಕುಡೀರಿ," ಎಂದು ಅವರ ಭುಜ ಹಿಡಿದು ಕೂರಿಸಿದ. ಅವರು ಕೂತರು. ಆದರೆ ಏನೋ ಎಡವಟ್ಟಾಗಿದೆ ಎಂದು ತಿಳಿದ ಮನುಷ್ಯ ಸುಮ್ಮನಿರಲಾರದೆ ಮಾತಾಡುತ್ತಲೇ ಹೋಗುತ್ತಾನೆ. ಹಾಗೆ ಒಂದೊಂದೇ ಹೊರಗೆ ಬಂತು.

ಸುಂಕದಕಟ್ಟೆಯಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ಹತ್ತು ಜನ ಸೇರಿ ಒಂದು ಕುರಿ ಹಾಕುತ್ತಿದ್ದರು. ಮಾಂಸವನ್ನು ಮುತ್ತುಗದ ಎಲೆಗಳ ಮೇಲೆ ಹತ್ತು ಗುಡ್ಡೆ ಮಾಡುತ್ತಿದ್ದರು. ಪ್ರತಿ ಗುಡ್ಡೆಗೂ ತೊಡೆಯದಿಷ್ಟು, ಪಕ್ಕೆಯದಿಷ್ಟು, ಈಲಿಯದೊಂದು ಚೂರು ಬರಬೇಕು. ಆ ಗುಡ್ಡೆ ಹಾಕುತ್ತಿದ್ದವನು ನನ್ನ ಅಪ್ಪ.

"ತಕ್ಕಡಿ ಬೇಡ ನಮ್ಗೆ, ಅಣ್ಣನ ಕಣ್ಣೇ ತಕ್ಕಡಿ," ಎಂದರು ಫಿಟ್ಟರ್. "ಒಬ್ಬರು ಬೆನ್ನು ತಿರುಗಿಸ್ಕೊಂಡು ನಿಲ್ಲೋರು. ಅಣ್ಣ ಒಂದೊಂದೇ ಗುಡ್ಡೆ ಮುಟ್ಟಿ 'ಇದ್ಯಾರಿಗೆ' ಅನ್ನೋರು, ಅವ್ರು ಹೆಸರು ಕೂಗೋರು. ಕೊನೇದು ಅಣ್ಣಂಗೆ. ಒಂದು ದಿನ ಜಗಳ ಇಲ್ಲ. ಅವ್ರ ಪಾಲು ನಮ್ಮನೇಲೇ ಬೇಯೋದು. ಇವತ್ತೂ ಹತ್ತು ಗುಡ್ಡೇನೇ ಹಾಕಿದ್ವಿ ಅತ್ತಿಗೆ. ಅಣ್ಣನ ಪಾಲು ಇದು."

"ಎಷ್ಟು ವರ್ಷದಿಂದ?" ಎಂದಳು ಅಮ್ಮ.

"ನಾನು ಕೆಲಸಕ್ಕೆ ಸೇರ್ದಾಗಿಂದ. ಹದಿಮೂರು ಆಯ್ತೇನೋ."

ತಿಂಗಳ ಮೊದಲ ಭಾನುವಾರ ಅಪ್ಪ ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದ. ಶೆಡ್ಡಿಗೆ ರಜೆ ಇರುವಾಗಲೇ ಮೆಷಿನ್ ಬಿಚ್ಚಿ ಎಣ್ಣೆ ಬಿಡಬೇಕು ಎನ್ನುತ್ತಿದ್ದ. ಮಧ್ಯಾಹ್ನ ಮೂರರ ಮೇಲೆ ಬಾಯ್ತುಂಬ ಎಲೆಅಡಿಕೆ ಹಾಕಿಕೊಂಡು ಬಂದು, ಹೊಟ್ಟೆ ಭಾರ ಎಂದು ಮಜ್ಜಿಗೆ ಕುಡಿದು ಮಲಗುತ್ತಿದ್ದ. ಇಷ್ಟು ನಮಗೆಲ್ಲ ಗೊತ್ತಿದ್ದದ್ದೇ. ಅದರ ಮೇಲೆ ನನಗೊಂದು ನೆನಪಿದೆ: ಅಂಥ ಒಂದು ಮಧ್ಯಾಹ್ನ ಅಪ್ಪನ ಸೈಕಲ್ಲಿನ ಹಿಂದೆ ಕೂತು ಮಾಗಡಿ ರಸ್ತೆಯಲ್ಲಿ ಬರುತ್ತಿದ್ದೇನೆ, ಅವನ ಅಂಗಿಯಲ್ಲಿ ಮಸಾಲೆಯ ವಾಸನೆ, ನಾನು ಏನೂ ಕೇಳುವುದಿಲ್ಲ. ಇದು ನಡೆದದ್ದೇ ಆದರೆ ನನಗೆ ಮೊದಲಿನಿಂದಲೂ ಗೊತ್ತಿತ್ತು, ಗೊತ್ತಿದ್ದೂ ಅಮ್ಮನಿಗೆ ಹೇಳಲಿಲ್ಲ ಎಂದಾಗುತ್ತದೆ. ಆದರೆ ರಜೆಯ ದಿನ ನಾನು ಮಾಗಡಿ ರಸ್ತೆಯಲ್ಲಿ ಏನು ಮಾಡುತ್ತಿದ್ದೆ? ಅಪ್ಪ ನನ್ನನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋಗುತ್ತಿದ್ದ? ವಿಷಯ ಹೊರಬಿದ್ದ ಮೇಲೆ ಮನಸ್ಸು ತನಗೆ ಬೇಕಾದ ಸಾಕ್ಷಿಗಳನ್ನು ತಾನೇ ಸೃಷ್ಟಿಸಿಕೊಂಡಿತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಸೈಕಲ್ಲಿನ ಕಬ್ಬಿಣದ ಕ್ಯಾರಿಯರ್ ತೊಡೆಗೆ ಒತ್ತುತ್ತಿದ್ದುದು ಮಾತ್ರ ಇವತ್ತಿಗೂ ಮೈಗೆ ಗೊತ್ತು.

ಅಮ್ಮ ಅಳಲಿಲ್ಲ. ಫಿಟ್ಟರ್ ಮುಂದೆ ಕೂತು ಕ್ಯಾರಿಯರ್‌ನ ಮೇಲಿನ ಡಬ್ಬಿ ತೆಗೆದಳು. ಬೆರಳಿನ ತುದಿಗೆ ಸಾರು ತಗುಲಿಸಿಕೊಂಡು ನಾಲಿಗೆಗೆ ಇಟ್ಟುಕೊಂಡಳು. ರುಚಿ ನೋಡಲಿಲ್ಲ, ಬರೀ ಮೂಸಿದಳು ಎಂದು ತಂಗಿ ಹೇಳುತ್ತಾಳೆ. ಅವಳಿಗಾಗ ಹನ್ನೊಂದು ವರ್ಷ, ಬಾಗಿಲ ಹತ್ತಿರ ನಿಂತಿದ್ದಳು. ಅಮ್ಮ ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

"ಧನಿಯಾ ಹುರಿದಿಲ್ಲ," ಎಂದಳು ಅಮ್ಮ. "ಗಸಗಸೆ ಜಾಸ್ತಿ. ಇದನ್ನ ತಿನ್ನೋಕೆ ಅಷ್ಟು ದೂರ ಹೋಗ್ತಿದ್ರಾ?"

ಫಿಟ್ಟರ್ ತಲೆ ತಗ್ಗಿಸಿದರು. "ನಮ್ಮವಳ ಕೈ ಸ್ವಲ್ಪ ಹಂಗೇ ಅತ್ತಿಗೆ," ಎಂದರು.

ಮಾವ ಮೆಲ್ಲಗೆ ಹೇಳಿದ, "ಅಕ್ಕ, ಆಗಿದ್ದು ಆಯ್ತು. ಅವ್ರಿಗೆ ಇಷ್ಟ ಆಗಿದ್ದನ್ನ ಇಡದೇ ಇದ್ರೆ ತಪ್ಪಾಗುತ್ತೆ. ಒಂದು ಚೂರು ಎಲೆ ತುದಿಗೆ ಇಟ್ಬಿಡು."

ಅಮ್ಮ ಡಬ್ಬಿ ಮುಚ್ಚಿದಳು. "ನನ್ನ ಗಂಡ ಬಾಡು ಬಿಟ್ಟಿದ್ರು," ಎಂದಳು. "ನಾನು ಅವರಿಗೆ ಎಡೆ ಇಡ್ತಾ ಇದೀನಿ. ಇವರು ಯಾರಿಗೆ ತಂದಿದಾರೋ ನಂಗೆ ಗೊತ್ತಿಲ್ಲ."

ಎಲೆಯ ಮೇಲೆ ಬಸ್ಸಾರು ಮುದ್ದೆಯೇ ಉಳಿಯಿತು. ಸತ್ತವರು ಉಣ್ಣುವುದಿಲ್ಲ ಎಂದು ವಾದಿಸುತ್ತಿದ್ದ ನಾನು, ಅವತ್ತು ಕೈಮುಗಿದು ನಿಂತಾಗ, ಅವನು ಎದ್ದು ಬಂದು ಆ ಸಪ್ಪೆ ಎಲೆಯ ಮುಂದೆ ಕೂತು ಪೂರ್ತಿ ಉಣ್ಣಲಿ ಎಂದು ಬಯಸಿದೆ. ಕೋಪದಿಂದಲೇ ಬಯಸಿದೆ. ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿದ್ದ ಆ ಮುಖ ಫೋಟೋದಲ್ಲಿತ್ತು. ಒಂದು ತಟ್ಟೆ ಬಿರಿಯಾನಿಗೆ ನಾನು ವಾರವಿಡೀ ಒದ್ದಾಡಿದ್ದೆ. ಅವನಿಗೆ ಹದಿಮೂರು ವರ್ಷ ನಿದ್ದೆ ಕೆಟ್ಟದ್ದಿಲ್ಲ. ಹತ್ತು ಮನೆಯವರಿಗೆ ಒಂದು ಚೂರು ಹೆಚ್ಚುಕಮ್ಮಿ ಆಗದ ಹಾಗೆ ಹಂಚಿದವನು ಅಮ್ಮನಿಗೊಂದು ಪಾಲು ಇದೆ ಎನ್ನುವುದನ್ನೇ ಮರೆತಿದ್ದ. ಮರೆತದ್ದೋ, ಬೇಡವೆಂದದ್ದೋ.

ಒಂದು ವಾರವಾದ ಮೇಲೆ ನಾನು ಕೆಳಗೆ ಮೇಷ್ಟ್ರ ಹತ್ತಿರ ಹೋದೆ. ತಿಥಿಯ ದಿನ ಮೆಟ್ಟಿಲೆಲ್ಲ ಬಾಡಿನ ವಾಸನೆ ಆಗಿತ್ತು, ಅವರೇನೂ ಅನ್ನಲಿಲ್ಲ. ಕ್ಷಮೆ ಕೇಳುವುದು ಮರ್ಯಾದೆ ಎನ್ನಿಸಿತು. ಮೇಷ್ಟ್ರು ಆಗ ನಿವೃತ್ತರಾಗಿದ್ದರು. ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದರು.

"ಅದಕ್ಕೇನಯ್ಯ? ನಿಮ್ಮಪ್ಪನಿಗೆ ನಾನು ಅವಾಗ್ಲೇ ಹೇಳಿದ್ನಲ್ಲ."

"ಏನಂತ ಸಾರ್?"

"ನೀವು ಬಂದಾಗ ಬೇಡ ಅಂದಿದ್ದೆ, ನಿಜ. ನಮ್ಮ ತಾಯಿ ಇದ್ರು, ಅವರದು ಮಡಿ ಜಾಸ್ತಿ. ಅವರು ತೀರಿಕೊಂಡ ಮೇಲೆ, ಕಾರ್ಯ ಮುಗಿಸಿ, ನಿಮ್ಮಪ್ಪನ್ನ ಕರೆದು ಹೇಳ್ದೆ. ಇನ್ಮೇಲೆ ನಿಮಗೆ ಬೇಕಾದ್ದು ಮಾಡ್ಕೊಳ್ಳಿ, ನಮ್ಮದೇನೂ ಅಭ್ಯಂತರ ಇಲ್ಲ ಅಂತ. ಅವರು ಬೇಡ ಸಾರ್, ಮನೆಮಂದಿಯೆಲ್ಲ ಬಿಟ್ಟಾಗಿದೆ, ಹಿಂಗೇ ಚೆನ್ನಾಗಿದೆ ಅಂದ್ರು. ದೊಡ್ಡ ಮನುಷ್ಯ ಅಂದ್ಕೊಂಡೆ. ಯಾಕೆ, ಹೇಳಿರ್ಲಿಲ್ವಾ?"

"ಹೇಳಿದ್ರು ಸಾರ್," ಎಂದೆ. ಯಾಕೆ ಹಾಗೆಂದೆನೋ.

ಅಪ್ಪ ಯಾಕೆ ಹಾಗೆ ಮಾಡಿದ ಎಂದು ಆಮೇಲೆ ಎಷ್ಟೋ ವರ್ಷ ಕಾರಣ ಹುಡುಕಿದ್ದೇನೆ. ಮೇಷ್ಟ್ರ ಕಣ್ಣಿನಲ್ಲಿ ದೊಡ್ಡವನಾಗುವ ಆಸೆ ಇರಬಹುದು. ಪೇಟೆಯಿಂದ ಬಂದ ಕೂಲಿಯವನಿಗೆ ಆ ಬೀದಿಯಲ್ಲಿ ಅದೊಂದು ಮರ್ಯಾದೆ. ಅಥವಾ, ತನಗೆ ಮಾತ್ರ ಗೊತ್ತಿರುವ ಒಂದು ಭಾನುವಾರ ಅವನಿಗೆ ಬೇಕಿತ್ತು. ಮನೆಯಲ್ಲೇ ಬಾಡು ಬೆಂದರೆ ಸುಂಕದಕಟ್ಟೆಗೆ ಹೋಗಲು ನೆಪವಿರುವುದಿಲ್ಲ. ಎರಡೂ ಇರಬಹುದು. ಇವು ಓದಿದವನ ಊಹೆಗಳು. ಅವನನ್ನು ಕೇಳಿ ತಿಳಿಯುವ ಹಾಗಿಲ್ಲ.

ಅಮ್ಮ ತಿಥಿಯಾದ ಮೇಲೂ ಬಾಡು ಮಾಡಲಿಲ್ಲ. ಮಾವ ಒಮ್ಮೆ ಮಡಕೆ ವಾಪಸು ತರುತ್ತೇನೆಂದಾಗ, "ಈ ಮನೇಲಿ ಇರೋವರ್ಗೂ ಆಗಲ್ಲ. ಮೇಷ್ಟ್ರಿಗೆ ಒಪ್ಕೊಂಡು ಬಂದಿದೀವಿ," ಎಂದಳು. ನಾನು ಅಲ್ಲೇ ಇದ್ದೆ. ಅವಳು ಇನ್ನೂ ಕಾಯುತ್ತಿದ್ದ ಆ ಕರಾರು ಎಂದೋ ಹರಿದುಹೋಗಿತ್ತು. ಹೇಳದಿದ್ದರೆ ಅಪ್ಪ ಮಾಡಿದ್ದನ್ನೇ ನಾನೂ ಮುಂದುವರಿಸಿದ ಹಾಗೆ. ಹೇಳಿದರೆ, ಕರಾರಿಗೆ ಕಟ್ಟುಬಿದ್ದು ಅಪ್ಪ ಹಾಗೆ ಮಾಡಿರಬೇಕು ಎಂಬ ಅವಳ ಕೊನೆಯ ಸಮಾಧಾನವೂ ಹೋಗುತ್ತದೆ. ನಿಜ ಗೊತ್ತಿದ್ದರೆ ಹೇಳಬೇಕು ಎನ್ನುವ ಪಾಠವನ್ನು ನಾನು ಆಗ ಬಹಳ ನಂಬಿದ್ದೆ.

ಅವರೇಕಾಯಿಯ ಕಾಲ. ಒಂದು ಮಧ್ಯಾಹ್ನ ಅಮ್ಮ ಮೊರದಲ್ಲಿ ನೆನೆದ ಕಾಳು ಹಿತಕುತ್ತಾ ಕೂತಿದ್ದಳು. ಎದುರಿಗೆ ಕೂತು ಹೇಳಿದೆ. ಮನೆಯಲ್ಲಿ ಬಾಡು ಮಾಡಿಕೊಳ್ಳಿ ಎಂದು ಮೇಷ್ಟ್ರು ಎಂದೋ ಹೇಳಿದ್ದರಂತೆ, ಅಪ್ಪ ನಮಗೆ ಹೇಳಲಿಲ್ಲ.

ಅವಳ ಬೆರಳುಗಳು ನಿಲ್ಲಲಿಲ್ಲ. ಒಂದು ಹಿಡಿ ಕಾಳು ಮುಗಿದ ಮೇಲೆ ಕೇಳಿದಳು, "ಯಾವಾಗ ಹೇಳಿದ್ರಂತೆ?"

"ಯಾಕಮ್ಮ?"

"ನಿನ್ನ ತಂಗಿ ಹೊಟ್ಟೇಲಿದ್ದಾಗ ನಂಗೆ ಬಾಯಿಗೆ ಏನೂ ಹಿಡೀತಿರ್ಲಿಲ್ಲ. ತಲೆ ಮಾಂಸದ ಸಾರು ಬೇಕು ಅನ್ನಿಸೋದು. ನಾಚಿಕೆ ಬಿಟ್ಟು ನಿಮ್ಮಪ್ಪನ್ನ ಕೇಳ್ದೆ. ಏಳು ತಿಂಗಳಾಗಿತ್ತು. ಎಲ್ಲಿಂದಾದ್ರೂ ಒಂದು ಲೋಟ ತಂದ್ಕೊಡಿ, ಯಾರಿಗೂ ಗೊತ್ತಾಗಲ್ಲ ಅಂದೆ. ಕೊಟ್ಟ ಮಾತು ಹೆಂಗೆ ಮುರೀಲಿ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ಅವರು ಅತ್ತಿದ್ದು ನೋಡಿ ನಾನೇ ಸಮಾಧಾನ ಮಾಡ್ದೆ." ಮೊರವನ್ನು ಒಮ್ಮೆ ಕುಲುಕಿದಳು. "ಅದಕ್ಕೆ ಕೇಳ್ದೆ. ಆವಾಗ್ಲೇ ಹೇಳಿದ್ರೋ, ಆಮೇಲೋ?"

ಕೆಳಮನೆಯ ಅಜ್ಜಿ ಹೋದದ್ದು ತಂಗಿ ಹುಟ್ಟುವುದಕ್ಕೆ ನಾಲ್ಕು ತಿಂಗಳ ಮುಂಚೆ. ಬಸುರಿ ಹೆಣ ನೋಡಬಾರದೆಂದು ಅಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ, ಕಿಟಕಿ ಮುಚ್ಚಲು ನನಗೇ ಹೇಳಿದ್ದರು. ಇದು ನಾನು ಕಟ್ಟಿಕೊಂಡ ನೆನಪಲ್ಲ. ಅವರ ಕಾರ್ಯವೆಲ್ಲ ಹದಿಮೂರನೇ ದಿನಕ್ಕೆ ಮುಗಿದಿತ್ತು.

"ಆಮೇಲಮ್ಮ," ಎಂದೆ. "ಈಗೊಂದು ನಾಲ್ಕು ವರ್ಷದ ಹಿಂದೆ ಅಂತೆ. ಮೇಷ್ಟ್ರು ರಿಟೈರ್ ಆದಾಗ."

ಅಮ್ಮ ನನ್ನ ಮುಖವನ್ನೇ ನೋಡಿದಳು. "ನಾಲ್ಕು ವರ್ಷ ಅಂದ್ರೆ ಹೋಗ್ಲಿ," ಎಂದಳು ಕೊನೆಗೆ. ಆಮೇಲೆ, "ಮೇಷ್ಟ್ರು ಸಿಕ್ಕಿದಾಗ ನಾನೂ ಒಂದು ಮಾತು ಕೇಳ್ತೀನಿ," ಎಂದಳು.

ಅವಳು ಸಿಪ್ಪೆ ಚೆಲ್ಲಲು ಹಿತ್ತಲ ಕಡೆ ಹೋದಾಗ ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಕೆಳಗಿಳಿದೆ. ಮೇಷ್ಟ್ರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಕಾಫಿಗೆ ಕೂತಿದ್ದರು. ಬಾಗಿಲಲ್ಲೇ ನಿಂತು, ಅಮ್ಮ ಕೇಳಿದರೆ ಒಪ್ಪಿಗೆ ಕೊಟ್ಟದ್ದು ಈಚೆಗೆ, ರಿಟೈರ್ ಆದಾಗ ಎನ್ನಬೇಕು ಎಂದು ಹೇಳಿದೆ. ಕಾರಣ ಹೇಳಲಿಲ್ಲ. ಅವರು ಲೋಟವನ್ನು ಕೆಳಗಿಟ್ಟು, ಪಾಠ ಒಪ್ಪಿಸುವ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದರು.

"ಎಷ್ಟು ವರ್ಷ ಅನ್ನಲಯ್ಯ?" ಎಂದರು.

"ನಾಲ್ಕು ಸಾರ್," ಎಂದೆ.